ಹೊಲದ ನೆತ್ತಿ ಮ್ಯಾಲೆ ವಿಮಾನ: ಮಳೆ ತರಾಕೋ, ಮಳೆ ಓಡ್ಸಾಕೋ?

ಮಘಾ ಮಳೆ ಕೈಕೊಟ್ಟ ವರ್ಷ ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಹರಪನಹಳ್ಳಿ ಬಸ್ಸಿಗೆ ಕಾದು ಕುಂತ ಮಂದಿಯ ನೆತ್ತಿಯ ಮೇಲೆ ಗುಂಯ್ ಎಂಬ ಸದ್ದು ಬರುತ್ತದೆ. ಎಲ್ಲರ ಕುತ್ತಿಗೆಯೂ ಒಟ್ಟಿಗೇ ಮೇಲಕ್ಕೆ ತಿರುಗುತ್ತದೆ. ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದರೆ ಸಣ್ಣದೊಂದು ವಿಮಾನ. ದೊಡ್ಡ ಊರಿನಿಂದ ದೊಡ್ಡ ಊರಿಗೆ ಗೆರೆ ಎಳೆದಂತೆ ಹೋಗುವ ವಿಮಾನವಲ್ಲ ಅದು. ಹದ್ದು ಸುತ್ತಿದಂತೆ ಸುತ್ತುತ್ತದೆ.

"ಏ ತಮ್ಮಾ, ಮತ್ತ ಬಂತು ನೋಡು. ಈಗರ ಮೋಡ ಕಟ್ಟಿತ್ತು. ಇನ್ನ ಅದೂ ಹೋತು."

"ಯಜ್ಜಾ, ಅದು ಮೋಡ ಓಡ್ಸದಲ್ಲ. ಮೋಡಕ್ಕ ಬೀಜ ಹಾಕದು."

"ಬೀಜ ಹಾಕಿದ್ರ ಬೆಳೀಬೇಕಲ್ಲೋ? ನನ್ನ ಹೊಲದಾಗ ಏನ್ ಬೆಳೆದೈತಿ?"

ಯಜ್ಜನ ಈ ಪ್ರಶ್ನೆಗೆ ತಮ್ಮನ ಹತ್ತಿರ ಉತ್ತರ ಇರುವುದಿಲ್ಲ. ಅಷ್ಟರಲ್ಲಿ ಬಸ್ಸು ಬರುತ್ತದೆ, ಟವೆಲ್ಲು ಎಸೆದು ಸೀಟು ಹಿಡಿಯುವ ಗದ್ದಲದಲ್ಲಿ ವಿಮಾನದ ವಿಚಾರ ಅಲ್ಲಿಗೇ ಉಳಿಯುತ್ತದೆ. ಆದರೆ ಊರಿಗೆ ಹೋದ ಮೇಲೆ ಅದೇ ಮಾತು ಅಗಸಿ ಕಟ್ಟೆಯಲ್ಲಿ ಮತ್ತೆ ಮೊಳಕೆ ಒಡೆಯುತ್ತದೆ. ಒಬ್ಬ ಮಳೆ ಓಡಿಸುವ ವಿಮಾನ ಅನ್ನುತ್ತಾನೆ. ಇನ್ನೊಬ್ಬ ಗಣಿಯವರು ನೆಲ ಅಳೆಯಾಕ ಬಂದಾರ ಅನ್ನುತ್ತಾನೆ. ಮೂರನೆಯವನು ಮಿಲ್ಟ್ರಿಯವರದು, ಫೋಟೋ ಹೊಡೀತಾರ, ಸುಮ್ಮನಿರ್ರಿ ಅಂತ ದನಿ ತಗ್ಗಿಸುತ್ತಾನೆ.

ಓದುಗರೇ, ನಗಬೇಡಿ. ಮೂವರ ಮಾತಿನಲ್ಲೂ ಒಂದೊಂದು ಚೂರು ನಿಜ ಇದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಸುತ್ತಲಿನ ಆಕಾಶಕ್ಕೆ ಬರುವ ಸಣ್ಣ ವಿಮಾನಗಳು ಒಂದೇ ಜಾತಿಯವಲ್ಲ. ಒಂದೊಂದಕ್ಕೂ ಒಂದೊಂದು ಕಸುಬು. ಯಾವುದು ಏನು ಮಾಡುತ್ತದೆ ಎಂದು ತಿಳಿದರೆ ಅರ್ಧ ಅಂಜಿಕೆ ಹೋದಂತೆ. ಉಳಿದರ್ಧ ಅಂಜಿಕೆಗೆ ಕಾರಣ ಬೇರೆ ಇದೆ. ಅದನ್ನು ಕೊನೆಗೆ ನೋಡೋಣ.

ಮೋಡಕ್ಕೆ ಬಿತ್ತನೆ

ಮೊದಲು ಯಜ್ಜನ ದೂರು. ಕರ್ನಾಟಕದಲ್ಲಿ ಮೋಡ ಬಿತ್ತನೆ ಹೊಸದೇನಲ್ಲ. ಸಾಲು ಬರದಿಂದ ರಾಜ್ಯ ಬೆಂದುಹೋಗಿದ್ದ 2003ರಲ್ಲಿ, ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 'ವರುಣ' ಎಂಬ ಹೆಸರಿನಲ್ಲಿ ವಿಮಾನ ಹಾರಿಸಿದರು. ಆಮೇಲೆ 2017ರಲ್ಲಿ 'ವರ್ಷಧಾರಿ' ಬಂತು. ಆ ವರ್ಷದ ಆಗಸ್ಟ್ 21ರಂದು ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವ ಎಚ್.ಕೆ. ಪಾಟೀಲರು ಚಾಲನೆ ಕೊಟ್ಟರು. 60 ದಿನದ ಕೆಲಸ, ಸುಮಾರು 35 ಕೋಟಿ ರೂಪಾಯಿಯ ಬಾಬತ್ತು. ಮೋಡ ಹುಡುಕಲು ಬೆಂಗಳೂರು, ಗದಗ, ಸುರಪುರ ಈ ಮೂರು ಕಡೆ ರಾಡಾರ್ ನಿಲ್ಲಿಸಿದರು. ಗದಗ ಅಂದರೆ ಹಡಗಲಿಯವರಿಗೆ ಹೊಳೆ ದಾಟಿದರೆ ಸಿಗುವ ಸೀಮೆ.

2019ರಲ್ಲಿ ಮತ್ತೆ ಬಿತ್ತನೆ ಆಯಿತು. ಆ ಸಲ ಹುಬ್ಬಳ್ಳಿಯಿಂದಲೂ ವಿಮಾನ ಎದ್ದವು. ಆದರೆ ಅದೇ ಆಗಸ್ಟಿನಲ್ಲಿ ಉತ್ತರ ಕರ್ನಾಟಕಕ್ಕೆ ನೆರೆ ಬಂದು ಮಲಪ್ರಭಾ, ಕೃಷ್ಣಾ ದಂಡೆಯ ಊರುಗಳು ಮುಳುಗಿದವು. ಬೀಜ ಜಾಸ್ತಿ ಬಿತ್ತಿದ್ರು ಅಂತ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಜನ ನಕ್ಕರು. ಆ ನೆರೆ ತಂದದ್ದು ಮುಂಗಾರಿನ ಆರ್ಭಟವೇ ಹೊರತು ಎರಡು ವಿಮಾನದ ಹೊಗೆಯಲ್ಲ. ಅಷ್ಟು ಮಳೆ ತರಿಸುವ ತಾಕತ್ತು ಯಾವ ವಿಮಾನಕ್ಕೂ ಇಲ್ಲ.

ಇನ್ನು 2023. ಆ ವರ್ಷದ ಬರವನ್ನು ಈ ಭಾಗದವರಿಗೆ ಯಾರೂ ನೆನಪು ಮಾಡಿಕೊಡಬೇಕಾಗಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಸಾರಿತು. ಮೆಕ್ಕೆಜೋಳ ತೆನೆ ಕಟ್ಟುವ ಮುಂಚೆಯೇ ಒಣಗಿ ದನದ ಮೇವಾಯಿತು, ಶೇಂಗಾ ಕಿತ್ತರೆ ಬುಡದಲ್ಲಿ ಎರಡು ಕಾಯಿ. ಆ ಸೆಪ್ಟೆಂಬರಿನಲ್ಲಿ ರಾಣೆಬೆನ್ನೂರಿನ ಶಾಸಕ ಪ್ರಕಾಶ ಕೋಳಿವಾಡರು ಸರ್ಕಾರವನ್ನು ಕಾಯದೆ ತಮ್ಮ ಸಂಸ್ಥೆಯಿಂದಲೇ ಹಾವೇರಿ ಜಿಲ್ಲೆಯಲ್ಲಿ ಮೋಡ ಬಿತ್ತನೆ ಮಾಡಿಸಿದರು. ರಾಣೆಬೆನ್ನೂರು ಎಲ್ಲಿ? ತುಂಗಭದ್ರೆಯ ಆಚೆ ದಂಡೆ. ಈಚೆ ದಂಡೆ ಯಾರದು? ಹರಪನಹಳ್ಳಿ, ಹಡಗಲಿಯವರದು.

ಈಗ ಯಜ್ಜನ ಸಿಟ್ಟು ಯಾಕೆ ಎಂದು ಅರ್ಥವಾಗುತ್ತದೆ. ಆಚೆ ದಂಡೆಯ ಆಕಾಶದಲ್ಲಿ ವಿಮಾನ ಸುತ್ತುವುದು ಈಚೆ ದಂಡೆಯವನಿಗೂ ಕಾಣುತ್ತದೆ. ಆಚೆ ಹನಿ ಬಿದ್ದು ಈಚೆ ಬೀಳದಿದ್ದರೆ, ನಮ್ಮ ಮೋಡ ಅವರು ಕದ್ದರು ಎಂಬ ಮಾತು ಹುಟ್ಟಲು ಎಷ್ಟು ಹೊತ್ತು ಬೇಕು? ಕಾಲುವೆ ನೀರಿಗೆ ಮೇಲ್ಭಾಗದವರು, ಕೆಳಭಾಗದವರು ಅಂತ ಬಡಿದಾಡಿದ ಸೀಮೆ ಇದು. ಮೋಡಕ್ಕೂ ಮೇಲ್ಭಾಗ, ಕೆಳಭಾಗ ಹುಟ್ಟಿಕೊಂಡರೆ ಆಶ್ಚರ್ಯವೇನೂ ಇಲ್ಲ.

ವಿಮಾನ ಯಾಕೆ ಸುತ್ತುತ್ತದೆ?

ಬಿತ್ತನೆಯ ಕೆಲಸ ಹೀಗೆ. ಮೋಡ ಎಂದರೆ ಕೋಟ್ಯಂತರ ಸಣ್ಣ ಹನಿ. ಒಂದೊಂದೂ ಎಷ್ಟು ಸಣ್ಣದೆಂದರೆ ಗಾಳಿಯಲ್ಲಿ ತೇಲುತ್ತದೆ, ಕೆಳಗೆ ಬೀಳುವ ತೂಕ ಅದಕ್ಕಿಲ್ಲ. ಆ ಹನಿಗಳು ಕೂಡಿ ದಪ್ಪ ಆದರೆ ಮಾತ್ರ ಮಳೆ. ಕೂಡಿಸುವುದಕ್ಕೆ ಒಂದು ಹೆಪ್ಪು ಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ವಿಮಾನದ ರೆಕ್ಕೆಗೆ ದೀಪಾವಳಿಯ ಪಟಾಕಿ ಕೊಳವೆಯಂಥ ಕೊಳವೆಗಳನ್ನು ಕಟ್ಟಿರುತ್ತಾರೆ. ಎತ್ತರದ ತಣ್ಣನೆ ಮೋಡಕ್ಕಾದರೆ ಅದರಲ್ಲಿ ಸಿಲ್ವರ್ ಅಯೋಡೈಡ್, ಕೆಳಮಟ್ಟದ ಬೆಚ್ಚನೆ ಮೋಡಕ್ಕಾದರೆ ಉಪ್ಪಿನ ಜಾತಿಯ ಪುಡಿ. ಪೈಲಟ್ ಒಳಗಿಂದ ಗುಂಡಿ ಒತ್ತಿದರೆ ಕೊಳವೆ ಉರಿದು ಹೊಗೆ ಹೊರಡುತ್ತದೆ.

ಬೆಚ್ಚನೆ ಮೋಡಕ್ಕೆ ಹೊಗೆಯನ್ನು ಮೋಡದ ತಳದಲ್ಲಿ, ಗಾಳಿ ಮೇಲಕ್ಕೆ ಎಳೆಯುವ ಜಾಗದಲ್ಲೇ ಬಿಡಬೇಕು. ಆ ಜಾಗ ಬಿಟ್ಟುಹೋಗಬಾರದೆಂದು ವಿಮಾನ ಮೋಡದ ಕೆಳಗೇ ಗಿರಕಿ ಹೊಡೆಯುತ್ತದೆ. ನಮ್ಮವರಿಗೆ ಕೆಳಗೆ ಸುತ್ತಿದಂತೆ ಕಾಣುವುದು ಇದೇ.

ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಒಂದು, ಮೋಡ ಇಲ್ಲದಿದ್ದರೆ ಬಿತ್ತನೆ ಇಲ್ಲ. ಬರಿ ನೀಲಿ ಆಕಾಶದಿಂದ ಹನಿ ಉದುರಿಸುವ ವಿದ್ಯೆ ಯಾವ ದೇಶದಲ್ಲೂ ಇಲ್ಲ. ಎರಡು, ವಿಮಾನ ಬರುವುದೇ ಮೋಡ ಇದ್ದಾಗ. ಬರದ ವರ್ಷದ ಮೋಡದ ಗುಣ ಎಲ್ಲರಿಗೂ ಗೊತ್ತು. ಕಟ್ಟುತ್ತದೆ, ಕಪ್ಪಾಗುತ್ತದೆ, ಆಸೆ ಹುಟ್ಟಿಸಿ ಗಾಳಿಗೆ ಹೋಗುತ್ತದೆ. ವಿಮಾನ ಬಂದರೂ ಅದು ಹೋಗುವುದೇ, ಬಾರದಿದ್ದರೂ ಹೋಗುವುದೇ. ಆದರೆ ಮೋಡ, ವಿಮಾನ ಎರಡನ್ನೂ ಒಟ್ಟಿಗೆ ನೋಡಿದವನು, ಮೋಡ ಹೋದ ಮೇಲೆ ವಿಮಾನದ ಮೇಲೆ ಗೂಬೆ ಕೂರಿಸುತ್ತಾನೆ. ಸುಡುಗಾಡಿನ ದಾರಿಯಲ್ಲಿ ದಿನಾ ಕಾಣುವ ಕಾಗೆಯೇ ಸಾವು ತಂತು ಅಂದ ಹಾಗೆ.

ಹಾಗಾದರೆ ಬಿತ್ತಿದ್ದು ಬೆಳೆಯಿತೇ? ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2018 ಮತ್ತು 2019ರಲ್ಲಿ ಮಹಾರಾಷ್ಟ್ರದ ಸೊಲ್ಲಾಪುರದಲ್ಲಿ ಬಿಗಿಯಾದ ಪರೀಕ್ಷೆ ಮಾಡಿದರು. ಸೊಲ್ಲಾಪುರವೂ ನಮ್ಮ ಹಾಗೆಯೇ ಘಟ್ಟದ ನೆರಳಿನ ಮಳೆಗೇಡಿ ಸೀಮೆ. 276 ಮೋಡಗಳನ್ನು ಆರಿಸಿ, ಕೆಲವಕ್ಕೆ ಬಿತ್ತಿ ಕೆಲವಕ್ಕೆ ಬಿಟ್ಟು ಹೋಲಿಸಿದರು. 2023ರಲ್ಲಿ ಹೊರಬಂದ ಅವರ ಲೆಕ್ಕದಲ್ಲಿ, ಬಿತ್ತಿದ ಕಡೆ ಸರಾಸರಿ ಶೇ. 18ರಷ್ಟು ಮಳೆ ಹೆಚ್ಚು. ಅದೂ ಸರಿಯಾದ ಮೋಡ ಸಿಕ್ಕರೆ, ಸರಿಯಾದ ಜಾಗದಲ್ಲಿ ಬಿತ್ತಿದರೆ.

ಶೇ. 18 ಎಂದರೆ ಏನು? ನೂರು ಹನಿ ಬೀಳುವಲ್ಲಿ ನೂರಾ ಹದಿನೆಂಟು. ಬೀಳುವುದೇ ಹತ್ತು ಹನಿಯಾದರೆ ಹನ್ನೆರಡೂ ಆಗುವುದಿಲ್ಲ. ಒಳ್ಳೇ ಮಳೆಗಾಲಕ್ಕೆ ಅದು ಲಾಭ, ಬರಗಾಲಕ್ಕೆ ಅದು ಮದ್ದಲ್ಲ. ನಾಯಕರು ವಿಮಾನಕ್ಕೆ ಪೂಜೆ ಮಾಡಿ ತೆಂಗಿನಕಾಯಿ ಒಡೆಯುವಾಗ ಈ ಮಾತನ್ನು ಗಟ್ಟಿಯಾಗಿ ಹೇಳಿದ್ದರೆ ಜನ ಇಷ್ಟು ಆಸೆಯನ್ನೂ ಪಡುತ್ತಿರಲಿಲ್ಲ, ಇಷ್ಟು ಬೈಯುತ್ತಲೂ ಇರಲಿಲ್ಲ.

ಚಳ್ಳಕೆರೆಯ ಪೈಲಟ್ ಇಲ್ಲದ ಹಕ್ಕಿ

ಈಗ ಮಿಲ್ಟ್ರಿ ಅಂದವನ ಮಾತು. ಕೂಡ್ಲಿಗಿಯಿಂದ ದಕ್ಷಿಣಕ್ಕೆ ಹೋದರೆ ಮೊಳಕಾಲ್ಮೂರು, ಅದರಾಚೆ ಚಳ್ಳಕೆರೆ. ಅಲ್ಲಿಯ ಅಮೃತ ಮಹಲ್ ಕಾವಲುಗಳಲ್ಲಿ ಒಂದು ಕಾಲಕ್ಕೆ ದನ ಕುರಿ ಮೇಯುತ್ತಿದ್ದವು. ಆ ಕಾವಲಿನ ಸಾವಿರಾರು ಎಕರೆ ವಿಜ್ಞಾನ, ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶದ ಸಂಸ್ಥೆಗಳಿಗೆ ಹೋಯಿತು. ಮೇವಿನ ನೆಲ ಹೋಯಿತೆಂದು ಸುತ್ತಲ ಹಳ್ಳಿಯವರು ಹೋರಾಡಿದರು, ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ರಕ್ಷಣಾ ಸಂಶೋಧನಾ ಸಂಸ್ಥೆ, ಅಂದರೆ ಡಿಆರ್‌ಡಿಒ, ಅಲ್ಲಿ ವಿಮಾನ ಪರೀಕ್ಷೆಯ ಮೈದಾನ ಮಾಡಿತು. 2017ರ ಮೇ 28ರಂದು ರಕ್ಷಣಾ ಸಚಿವ ಅರುಣ್ ಜೇಟ್ಲಿ ಅದನ್ನು ಉದ್ಘಾಟಿಸಿದರು.

ಅಲ್ಲಿ ಹಾರಿಸುವುದರಲ್ಲಿ ಮುಖ್ಯವಾದದ್ದು ಪೈಲಟ್ ಇಲ್ಲದ ವಿಮಾನ. ಮೊದಲು ರುಸ್ತುಂ-2 ಎಂದು ಕರೆದರು, ಆಮೇಲೆ ತಪಸ್ ಎಂದರು. ರೆಕ್ಕೆಯ ತುದಿಯಿಂದ ತುದಿಗೆ 20 ಮೀಟರಿಗೂ ಹೆಚ್ಚು. ತಾಸುಗಟ್ಟಲೆ ಆಕಾಶದಲ್ಲೇ ಸುತ್ತುತ್ತಾ ಕೆಳಗೆ ನೋಡುತ್ತಿರುವುದೇ ಅದರ ಕಸುಬು. ಅಂದರೆ ಸುತ್ತುವುದಕ್ಕೆಂದೇ ಹುಟ್ಟಿದ ಯಂತ್ರ.

ಈ ಯಂತ್ರ ಎರಡು ಸಲ ರೈತನ ಹೊಲಕ್ಕೇ ಬಂದು ಬಿತ್ತು. 2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ಚಿತ್ರದುರ್ಗ ಜಿಲ್ಲೆಯ ಜೋಡಿ ಚಿಕ್ಕೇನಹಳ್ಳಿಯ ತೋಟದಲ್ಲಿ ಒಂದು ಬಿತ್ತು. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಬಳಿಯ ಹೊಲದಲ್ಲಿ ಇನ್ನೊಂದು. ಎರಡೂ ಸಲ ಜೀವಹಾನಿ ಆಗಲಿಲ್ಲ, ಪುಣ್ಯ. ಅದೇ ವರ್ಷದ ಜೂನ್ 1ರಂದು ಚಾಮರಾಜನಗರ ಜಿಲ್ಲೆಯ ಭೋಗಾಪುರದ ಹತ್ತಿರ ವಾಯುಪಡೆಯ ಕಿರಣ್ ತರಬೇತಿ ವಿಮಾನ ಹೊಲಕ್ಕೆ ಬಿದ್ದಾಗಲೂ ಒಳಗಿದ್ದ ಇಬ್ಬರು ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. ಅದಕ್ಕೆ ಎರಡು ದಿನ ಮುಂಚೆ, ಮೇ 30ರಂದು, ಬೆಳಗಾವಿಯ ಸಾಂಬ್ರಾದಿಂದ ಎದ್ದ ತರಬೇತಿ ವಿಮಾನವೊಂದು ಕೆಟ್ಟು ಹೊನ್ನಿಹಾಳದ ಬಳಿ ಹೊಲದಲ್ಲಿ ಇಳಿದಿತ್ತು.

ಆದ್ದರಿಂದ ನೆತ್ತಿಯ ಮೇಲೆ ಸದ್ದಾದಾಗ ಹೆಣ್ಣುಮಕ್ಕಳು ಕೂಸನ್ನು ಎತ್ತಿಕೊಂಡು ಒಳಗೆ ಓಡಿದರೆ ಅದನ್ನು ಹಳ್ಳಿಗುಗ್ಗರ ಅಂಜಿಕೆ ಅನ್ನುವಂತಿಲ್ಲ. ಬೀಳುವುದುಂಟು, ಬಿದ್ದದ್ದುಂಟು.

ಚಳ್ಳಕೆರೆಯಲ್ಲಿ ಇನ್ನೊಂದು ತಮಾಷೆಯೂ ನಡೆಯಿತು. 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯುಳ್ಳ ಸಣ್ಣ ವಾಹನವೊಂದನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರಿಗೆ ನೇತುಹಾಕಿ, ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ಟರು. ಅದು ತನ್ನಷ್ಟಕ್ಕೆ ತಾನೇ ಇಳಿದು ರನ್‌ವೇಯಲ್ಲಿ ಓಡಿ ನಿಂತಿತು. 2024ರಲ್ಲಿ ಇನ್ನೂ ಎರಡು ಸಲ ಮಾಡಿದರು, ಅದಕ್ಕೆ ಪುಷ್ಪಕ ಎಂದು ಹೆಸರಿಟ್ಟರು. ಹದ್ದು ಕೋಳಿಮರಿಯನ್ನು ಕಾಲಲ್ಲಿ ಹಿಡಿದು ಹೋದಂತೆ ಹೆಲಿಕಾಪ್ಟರು ಏನನ್ನೋ ಹಿಡಿದು ಹೋಗುವುದನ್ನು ಕಂಡ ಕುರಿಗಾಹಿ ಅದನ್ನು ಊರಲ್ಲಿ ಹೇಳಿದರೆ, ಕುಡಿದಿದ್ದೀ ಏನಲೇ ಅನ್ನುತ್ತಾರೆ. ಅವನು ಕಂಡದ್ದು ಸುಳ್ಳಲ್ಲ.

ನೆಲದ ಹೊಟ್ಟೆ ನೋಡುವ ವಿಮಾನ

ಇನ್ನು ಗಣಿ ಅಂದವನ ಮಾತು. ಈ ಸೀಮೆಯ ಜನ ಗಣಿ ಎಂಬ ಪದವನ್ನು ಸುಮ್ಮನೆ ಆಡುವುದಿಲ್ಲ. ಸಂಡೂರು, ಹೊಸಪೇಟೆ ರಸ್ತೆಯ ಕೆಂಪು ದೂಳನ್ನು ಉಂಡವರು. 2011ರ ಲೋಕಾಯುಕ್ತ ವರದಿ, ಅದೇ ಜುಲೈನಲ್ಲಿ ಬಳ್ಳಾರಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟು ಹಾಕಿದ ತಡೆ ಎಲ್ಲವನ್ನೂ ಕಣ್ಣಾರೆ ಕಂಡವರು.

ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ 2017ರಲ್ಲಿ ದೇಶದ ಆಯ್ದ ಭಾಗಗಳನ್ನು ವಿಮಾನದಿಂದ ಅಳೆಯುವ ಕೆಲಸ ಶುರು ಮಾಡಿತು. ಖನಿಜ ಸಿಗಬಹುದಾದ ಸುಮಾರು 8.13 ಲಕ್ಷ ಚದರ ಕಿಲೋಮೀಟರ್ ನೆಲ ಇದರ ಲೆಕ್ಕದಲ್ಲಿದೆ. ಈ ವಿಮಾನ ಸುತ್ತುವುದಿಲ್ಲ. ರಂಟೆ ಹೊಡೆದಂತೆ ಆ ಕಡೆ ಹೋಗಿ ಈ ಕಡೆ ತಿರುಗಿ, ಸಾಲಿಗೆ ಸಾಲು ಹಾರುತ್ತದೆ. ಸಾಲಿನಿಂದ ಸಾಲಿಗೆ ಸುಮಾರು 300 ಮೀಟರ್, ನೆಲದಿಂದ ಎತ್ತರ ಸುಮಾರು 80 ಮೀಟರ್. ಅಷ್ಟು ಕೆಳಗೆ ಬಂದರೆ ಎತ್ತು ನೊಗ ಕಿತ್ತುಕೊಂಡು ಓಡದೆ ಏನು ಮಾಡೀತು?

ಅದು ನೆಲದ ಅಯಸ್ಕಾಂತದ ಎಳೆತವನ್ನೂ, ಕಲ್ಲು ಮಣ್ಣಿನಿಂದ ತಾನಾಗಿ ಹೊರಡುವ ವಿಕಿರಣವನ್ನೂ ಅಳೆಯುತ್ತದೆ. ಹೊಲ ಯಾರದು, ಬೆಳೆ ಏನು, ಎಷ್ಟು ಎಕರೆ ಎಂಬುದು ಅದಕ್ಕೆ ಬೇಕಾಗಿಲ್ಲ. ವಿಮಾನ ಹಾರಿದ ಮಾತ್ರಕ್ಕೆ ಹೊಲ ಗಣಿ ಆಗುವುದೂ ಇಲ್ಲ. ಅದರ ಹಿಂದೆ ನೆಲದ ಮೇಲಿನ ತಪಾಸಣೆ, ಬೋರು ಕೊರೆದು ಕಲ್ಲು ತೆಗೆಯುವುದು, ಹರಾಜು, ಅರಣ್ಯ ಮತ್ತು ಪರಿಸರದ ಅನುಮತಿ ಇಷ್ಟೆಲ್ಲ ಮೆಟ್ಟಿಲಿವೆ. ವಿಮಾನ ಮೊದಲನೇ ಮೆಟ್ಟಿಲು. ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ.

ಕೆಡುಕಿಗೇ ಬರುತ್ತದೆ ಎಂದೂ ಇಲ್ಲ. ತುಮಕೂರು ಜಿಲ್ಲೆಯ ಅಂಕಸಂದ್ರ ಹಳ್ಳದ ಸೀಮೆಯಲ್ಲಿ ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆಯವರು ಹೆಲಿಕಾಪ್ಟರಿಗೆ ದೊಡ್ಡ ಚೌಕಟ್ಟು ಕಟ್ಟಿ ಹಾರಿಸಿದ್ದರು. ಅವರು ಹುಡುಕಿದ್ದು ಕಬ್ಬಿಣವನ್ನಲ್ಲ, ಅಂತರ್ಜಲವನ್ನು. ಸಾವಿರ ಅಡಿ ಕೊರೆಸಿ ಬರಿ ದೂಳು ಕಂಡ ಕೂಡ್ಲಿಗಿ, ಜಗಳೂರು ಕಡೆಯ ರೈತನಿಗೆ ಇಂಥ ವಿಮಾನ ಬಂದರೆ ಬೇಡ ಅನ್ನುತ್ತಾನೆಯೇ?

ಊರೊಳಗೆ ಬರುವ ಡ್ರೋನ್ ಇನ್ನೊಂದು ಕತೆ. 2020ರಲ್ಲಿ ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ತಂದಿತು, ಮೊದಲ ಪ್ರಯೋಗದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮನೆ, ಹಿತ್ತಲು, ದನದ ಕೊಟ್ಟಿಗೆಯ ಸುತ್ತ ಸುಣ್ಣದ ಗೆರೆ ಎಳೆದು, ಮೇಲಿಂದ ಡ್ರೋನಿನಲ್ಲಿ ಚಿತ್ರ ತೆಗೆದು, ಆಸ್ತಿಯ ಕಾರ್ಡು ಕೊಡುವುದು. ಇದು ಊರೊಳಗಿನ ಜಾಗಕ್ಕೆ ಮಾತ್ರ, ಹೊಲಕ್ಕಲ್ಲ. ಸುಣ್ಣದ ಗೆರೆ ಎಳೆಯುವ ದಿನ ಮನೆಯವರು ಮುಂದೆ ನಿಲ್ಲಬೇಕು. ಗೆರೆ ಅತ್ತಿತ್ತ ಆದರೆ ಅಣ್ಣತಮ್ಮಂದಿರ ಜಗಳ ಹತ್ತು ವರ್ಷ ಕೋರ್ಟಿಗೆ ಹೋಗುತ್ತದೆ.

ನೆತ್ತಿಯ ಮೇಲಿನ ಆಕಾಶ ಯಾರದು?

ಪಹಣಿಯಲ್ಲಿ ನೆಲ ಬರೆದಿದೆ, ಆಕಾಶ ಬರೆದಿಲ್ಲ. ನನ್ನ ಹೊಲದ ಮೇಲೆ ಯಾಕೆ ಹಾರಿದಿ ಅಂತ ದಾವೆ ಹಾಕಬಹುದೇ? 1934ರ ವಿಮಾನ ಕಾಯ್ದೆ ಇದಕ್ಕೆ ಬಾಗಿಲು ಹಾಕಿತ್ತು. ಗಾಳಿ, ಹವೆ, ಸಂದರ್ಭ ನೋಡಿ ತಕ್ಕಷ್ಟು ಎತ್ತರದಲ್ಲಿ ಹಾರಿದರೆ, ಬರಿ ಹಾರಿದ ಕಾರಣಕ್ಕೆ ಅತಿಕ್ರಮಣದ ದಾವೆ ನಿಲ್ಲದು ಎಂದು ಅದು ಹೇಳುತ್ತಿತ್ತು. 2025ರ ಜನವರಿ 1ರಿಂದ ಅದರ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ.

ಆದರೆ 'ತಕ್ಕಷ್ಟು ಎತ್ತರ' ಎಂಬ ಮಾತಿನಲ್ಲೇ ಎಲ್ಲ ಇದೆ. ಅಮೆರಿಕದಲ್ಲಿ ಕಾಸ್ಬಿ ಎಂಬ ಕೋಳಿ ಸಾಕುವವನಿದ್ದ. ಎರಡನೇ ಮಹಾಯುದ್ಧದ ಕಾಲಕ್ಕೆ ಅವನ ಜಮೀನಿನ ಮೇಲೆ, ಬರಿ 83 ಅಡಿ ಎತ್ತರದಲ್ಲಿ, ಮಿಲಿಟರಿ ವಿಮಾನಗಳು ಇಳಿಯುತ್ತಿದ್ದವು. ಸದ್ದಿಗೆ ಬೆದರಿದ ಕೋಳಿಗಳು ಗೋಡೆಗೆ ಬಡಿದುಕೊಂಡು ಸತ್ತವು, ಒಟ್ಟು ಸುಮಾರು 150. ಕೋಳಿ ಸಾಕುವ ಕಸುಬೇ ನಿಂತಿತು. ಕಾಸ್ಬಿ ಸರ್ಕಾರದ ಮೇಲೆ ದಾವೆ ಹೂಡಿದ. 1946ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಆಕಾಶವೆಲ್ಲ ಭೂಮಿಯ ಒಡೆಯನದು ಎಂಬ ಹಳೇ ಮಾತು ಈಗ ನಡೆಯದು, ಆದರೆ ಬದುಕು ನಡೆಸಲಾಗದಷ್ಟು ಕೆಳಗೆ, ಪದೇ ಪದೇ ಹಾರಿದರೆ ಅದು ಅವನ ಜಮೀನನ್ನೇ ತೆಗೆದುಕೊಂಡಂತೆ, ಪರಿಹಾರ ಕೊಡಬೇಕು. ಕೋಳಿಯವನು ಸರ್ಕಾರದ ಎದುರು ಗೆದ್ದ.

ಅಲ್ಲಿಯ ತೀರ್ಪು ಇಲ್ಲಿ ನಡೆಯುವುದಿಲ್ಲ, ನಿಜ. ಆದರೆ ನ್ಯಾಯದ ಎಳೆ ಎಲ್ಲ ಕಡೆಗೂ ಒಂದೇ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯ ಜಾಲಿಮರಗಳಲ್ಲಿ ಗೂಡು ಕಟ್ಟುವ ಹಕ್ಕಿಗಳಿವೆ. ಆ ಕೆರೆ 2024ರ ಜನವರಿಯಲ್ಲಿ ಜಗತ್ತಿನ ರಾಮ್ಸಾರ್ ಪಟ್ಟಿಗೆ ಸೇರಿದ ಹೆಮ್ಮೆಯ ಜಾಗ. ಗುಡೇಕೋಟೆಯಲ್ಲಿ ಕರಡಿಗಳಿವೆ. ಕುರಿಹಟ್ಟಿಗಳಿವೆ, ಕೋಳಿಫಾರಂಗಳಿವೆ. ಕೆಳಗೆ ಹಾರುವವರು ಇವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನೋಡಿ ಗುರುತು ಹಿಡಿಯಿರಿ

ಓದುಗರ ಅನುಕೂಲಕ್ಕೆ ಸಣ್ಣ ಲೆಕ್ಕ. ಕಪ್ಪು ಮೋಡದ ತಳದಲ್ಲಿ, ಎರಡು ಎಂಜಿನ್ನಿನ ವಿಮಾನ, ರೆಕ್ಕೆಯಿಂದ ಹೊಗೆ ಬಿಡುತ್ತಾ ಗಿರಕಿ ಹೊಡೆದರೆ ಮೋಡ ಬಿತ್ತನೆ. ಮೋಡವಿಲ್ಲದ ದಿನ, ಬಹಳ ಕೆಳಗೆ, ರಂಟೆ ಸಾಲಿನಂತೆ ಹೋಗಿ ಬಂದರೆ ಭೂಮಿಯ ಸರ್ವೆ. ಸಣ್ಣ ಮೈ, ಉದ್ದನೆ ರೆಕ್ಕೆ, ತಾಸುಗಟ್ಟಲೆ ಒಂದೇ ಗುಂಯ್ ಸದ್ದು, ಬಲು ಎತ್ತರ ಇದ್ದರೆ ಚಳ್ಳಕೆರೆಯ ಪೈಲಟ್ ಇಲ್ಲದ ಹಕ್ಕಿ ಇರಬಹುದು. ಹಂಪಿ ಉತ್ಸವದ ದಿನಗಳಲ್ಲಿ ಹೊಸಪೇಟೆ, ಕಮಲಾಪುರದ ಮೇಲೆ ಹೆಲಿಕಾಪ್ಟರು ಮತ್ತೆ ಮತ್ತೆ ಅಲ್ಲಲ್ಲೇ ಸುತ್ತಿದರೆ, ದುಡ್ಡು ಕೊಟ್ಟು ಮೇಲಿಂದ ಹಂಪಿ ನೋಡುವ ಪ್ರವಾಸಿಗಳು. ತೋರಣಗಲ್ಲಿನ ಕಡೆ ಇಳಿಯುತ್ತಾ ಹೋದರೆ ಅಲ್ಲಿಯ ವಿಮಾನ ನಿಲ್ದಾಣದ್ದು. ಇನ್ನು ಹೆಲಿಕಾಪ್ಟರು ಬೆಳೆ ಒಣಗಿದ ಮೇಲೆ ಅಥವಾ ಊರು ಮುಳುಗಿದ ಮೇಲೆ ಬಂದು ಒಂದು ಸುತ್ತು ಹಾಕಿ ಹೋದರೆ ಅದು ಮಂತ್ರಿಗಳ ವೈಮಾನಿಕ ಸಮೀಕ್ಷೆ. ಅದನ್ನು ಗುರುತು ಹಿಡಿಯಲು ಯಾರೂ ಕಲಿಸಬೇಕಾಗಿಲ್ಲ.

ಏನಾದರೂ ಬಿದ್ದರೆ ಮುಟ್ಟಬೇಡಿ. ಹತ್ತಿರ ಹೋಗಿ ಮೊಬೈಲಿನಲ್ಲಿ ಫೋಟೋ ತೆಗೆಯುವ ಹುಚ್ಚು ಬೇಡ. ಎಣ್ಣೆ ಇರುತ್ತದೆ, ಬ್ಯಾಟರಿ ಇರುತ್ತದೆ, ಬೆಂಕಿ ಹತ್ತುತ್ತದೆ. 112ಕ್ಕೆ ಫೋನು ಮಾಡಿ. ಬೆಳೆ ಹಾಳಾಗಿದ್ದರೆ ತಹಸೀಲ್ದಾರರಿಗೆ ಬರೆದು ಕೊಟ್ಟು, ಸ್ಥಳ ಪಂಚನಾಮೆ ಮಾಡಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನ ಪರಿಹಾರ ಬಾಯಲ್ಲೇ ಉಳಿಯುತ್ತದೆ.

ಒಂದು ಡಂಗುರ ಸಾಕು

ಈಗ ಉಳಿದರ್ಧ ಅಂಜಿಕೆಯ ಮಾತು. ಅದಕ್ಕೆ ಕಾರಣ ವಿಮಾನವಲ್ಲ, ಮೌನ. ಕರೆಂಟು ತೆಗೆಯುತ್ತಾರೆ ಅಂದರೆ ಮುಂಚೆ ಪ್ರಕಟಣೆ ಬರುತ್ತದೆ. ಕಾಲುವೆಗೆ ನೀರು ಬಿಡುತ್ತೇವೆ ಎಂದು ಡಂಗುರ ಹೊಡೆಸುತ್ತಾರೆ. ದನಕ್ಕೆ ಚುಚ್ಚುಮದ್ದು ಹಾಕುವ ದಿನವೂ ಊರಿಗೆ ಗೊತ್ತಿರುತ್ತದೆ. ನೆತ್ತಿಯ ಮೇಲೆ ಹಾರುವುದಕ್ಕೂ ಇಷ್ಟೇ ಸಾಕು. ಇಂಥ ವಾರ, ಇಂಥ ಕೆಲಸಕ್ಕೆ, ಇಂಥ ಇಲಾಖೆಯ ವಿಮಾನ ಬರುತ್ತದೆ, ದನ ಕರು ಜೋಪಾನ ಎಂದು ಗ್ರಾಮ ಪಂಚಾಯ್ತಿ ಬೋರ್ಡಿನಲ್ಲಿ ನಾಲ್ಕು ಸಾಲು. ಮಿಲಿಟರಿಯ ಗುಟ್ಟು ಗುಟ್ಟಾಗಿಯೇ ಇರಲಿ, ಅದನ್ನು ಯಾರೂ ಕೇಳುವುದಿಲ್ಲ. ಮೋಡ ಬಿತ್ತನೆಯಲ್ಲಿ, ಭೂಮಿ ಸರ್ವೆಯಲ್ಲಿ ಗುಟ್ಟೇನಿದೆ? ದುಡ್ಡು ಜನರದು, ಹೊಲ ಜನರದು.

ಹೇಳದಿದ್ದರೆ ಏನಾಗುತ್ತದೆ? ಖಾಲಿ ಜಾಗದಲ್ಲಿ ವದಂತಿ ಬೆಳೆಯುತ್ತದೆ. ಮಳೆ ಓಡಿಸಿದರು ಎಂಬ ಮಾತು ನಂಬಿದವನು ನಾಳೆ ನಿಜವಾದ ಹವಾಮಾನ ಮುನ್ಸೂಚನೆಯನ್ನೂ ನಂಬುವುದಿಲ್ಲ. ಗಣಿಯವರು ಬಂದರು ಎಂದು ಬೆದರಿದವನ ಹತ್ತಿರ, ಈಗಲೇ ಮಾರಿಬಿಡು, ಆಮೇಲೆ ಸರ್ಕಾರ ಕಿತ್ಕೊಂಡ್ರ ಏನೂ ಸಿಗಲ್ಲ ಅಂತ ಪಿಸುಗುಡುವ ದಲ್ಲಾಳಿ ಬಂದು ಕುಂತರೆ? ಎಕರೆಗೆ ಅರ್ಧ ರೇಟಿಗೆ ಹೊಲ ಬರೆದುಕೊಟ್ಟ ಮೇಲೆ, ಅದು ಬರಿ ಗಾಳಿ ಸುದ್ದಿ ಎಂದು ತಿಳಿದು ಏನು ಉಪಯೋಗ? ಹಾಗಾಗಿ ನೆನಪಿರಲಿ: ವಿಮಾನ ನೋಡಿ ಹೊಲ ಮಾರಬೇಡಿ. ಭೂಮಿ ಬೇಕಾದವರು ಆಕಾಶದಿಂದ ಕೇಳುವುದಿಲ್ಲ, ನೋಟೀಸು ಕೊಟ್ಟು ಕಾಗದದಲ್ಲಿ ಕೇಳುತ್ತಾರೆ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿಯುತ್ತಾನೆ. ಲಕ್ಷಾಂತರ ಮಂದಿ ಉಸಿರು ಬಿಗಿಹಿಡಿದು ಕೇಳುತ್ತಾರೆ. ಒಂದೇ ಸಾಲು. ಅದನ್ನು ಹಿಡಿದು ಮಳೆ ಹೇಗೋ, ಬೆಳೆ ಹೇಗೋ, ರಾಜಕೀಯ ಹೇಗೋ ಅಂತ ಮಂದಿ ತಮಗೆ ತೋಚಿದ ಅರ್ಥ ಹಚ್ಚಿಕೊಂಡು ಮನೆಗೆ ಹೋಗುತ್ತಾರೆ. ಗೊರವಯ್ಯ ಒಂದು ಸಾಲನ್ನಾದರೂ ಹೇಳಿ ಬಿಲ್ಲಿನಿಂದ ಇಳಿಯುತ್ತಾನೆ.

ಮೇಲೆ ಸುತ್ತುವವರು ಅಷ್ಟನ್ನೂ ಹೇಳದೆ ಹೋದರೆ, ಬಸ್ ಸ್ಟ್ಯಾಂಡಿನ ಯಜ್ಜ ತನಗೆ ತಿಳಿದ ಅರ್ಥವನ್ನೇ ಹಚ್ಚಿಕೊಳ್ಳುತ್ತಾನೆ. ತಪ್ಪು ಅವನದಲ್ಲ.